ನೆಲ ಕಚ್ಚಿದ ಬಟನ್

ಕಳೆದ ವರ್ಷ ಜೂನ್‌ನ ಒಂದು ಶುಕ್ರವಾರ. ನಮ್ಮಲ್ಲಿ ರಾತ್ರಿ ಎಂಟು, ಜರ್ಮನಿಯಲ್ಲಿ ಸಂಜೆ ನಾಲ್ಕೂವರೆ. ಕೆಲಸಕ್ಕೆ ಕ್ಲೈಂಟ್ ಕೊನೆಯ ಒಪ್ಪಿಗೆ ಕೊಡುವ ಸೈನ್-ಆಫ್ ಕಾಲ್. ಗೆಳೆಯರು ಸೇರಿ ವೀಕೆಂಡ್ ಪ್ಲಾನ್ ಹಾಕಿಕೊಳ್ಳುವ ಚಾಟ್ ಆ್ಯಪ್ ಅದು. ಇಂಗ್ಲಿಷಿನಿಂದ ಜರ್ಮನ್‌ಗೆ ಅನುವಾದ ಪೂರ್ತಿ ನಾನೇ ಮಾಡಿದ್ದೆ. ಕ್ಲೈಂಟ್ ಕಡೆಯ ರಿವ್ಯೂವರ್ ಮೇಡಂ ಆ್ಯಪ್‌ನ ಟೆಸ್ಟ್ ಬಿಲ್ಡನ್ನು, ಅಂದರೆ ಪರೀಕ್ಷೆಯ ಪ್ರತಿಯನ್ನು, ಶೇರ್ ಮಾಡಿಕೊಂಡು ಕೂತಿದ್ದರು.

ಪರದೆ ಮೇಲೆ ಒಂದು ಮೆಸೇಜ್: ಶನಿವಾರ ಕೆರೆ ಹತ್ರ ಗ್ರಿಲ್ ಮಾಡೋಣ, ಬರ್ತೀಯಾ? ಕೆಳಗೆ ಮೂರು ರಿಪ್ಲೈ ಬಟನ್. ಮೇಡಂ ಮೊದಲನೆಯದನ್ನು ಒತ್ತಿದರು. ಹಸಿರು ಗುಳ್ಳೆಯಲ್ಲಿ ಉತ್ತರ ಹೋಯಿತು: 'ಇಶ್ ಬಿನ್ ಆಮ್ ಬೋಡನ್.' ಅಂದರೆ, ನಾನು ನೆಲ ಕಚ್ಚಿದ್ದೀನಿ.

ಯಾರೂ ಮಾತಾಡಲಿಲ್ಲ. ಮೇಡಂ ಇನ್ನೊಮ್ಮೆ ಒತ್ತಿದರು. ಇನ್ನೊಂದು ಗುಳ್ಳೆ. ಮತ್ತೆ ನೆಲ ಕಚ್ಚಿದ. "ಪಾಪ, ಸಾಸೇಜ್ ತಿನ್ನೋಕೆ ಕರೆದ್ರೆ ಈ ಹುಡುಗ ಯಾಕಿಷ್ಟು ಕುಸಿದುಹೋಗಿದ್ದಾನೆ?" ಅಂತ ಕೇಳಿದರು, ದನಿ ಏರಿಸದೆ. ಬೈದಿದ್ದರೆ ವಾಸಿಯಿತ್ತು. ನಮ್ಮ ಲೀಡ್ ಮ್ಯೂಟ್ ಒತ್ತಿ, "ಸೋರ್ಸ್ ಏನಿತ್ತು ಮಗಾ?" ಅಂದ.

ಸೋರ್ಸ್ 'ಐ ಆ್ಯಮ್ ಡೌನ್'. ನಾನು ರೆಡಿ, ಬರ್ತೀನಿ ಅನ್ನುವ ಅರ್ಥದ್ದು. ನಾನು ಬೇಜಾರಲ್ಲಿದ್ದೀನಿ ಅಂತ ಓದಿಕೊಂಡಿದ್ದೆ.

ಎಕ್ಸೆಲ್‌ನಲ್ಲಿ ಸ್ಟ್ರಿಂಗ್, ಅಂದರೆ ಅನುವಾದಿಸಬೇಕಾದ ಬಿಡಿ ಸಾಲು ಕೊಡ್ತಾರೆ, ಸ್ಕ್ರೀನ್‌ಶಾಟ್ ಕೊಡಲ್ಲ. ಆ ಸ್ಟ್ರಿಂಗ್‌ನ ಮೇಲಿನ ಸಾಲು 'ಇವತ್ತು ಮೂಡ್ ಸರಿಯಿಲ್ಲ' ಅನ್ನೋ ಸ್ಟೇಟಸ್. ಕ್ಯಾರೆಕ್ಟರ್ ಲಿಮಿಟ್ ಕಾಲಂ ಖಾಲಿ. ಇದೆಲ್ಲ ನಿಜ, ಕಾಲ್ ಮುಗಿದ ಮೇಲೆ ಲೀಡ್‌ಗೆ ಇದನ್ನೇ ಹೇಳಿದೆ ಕೂಡ. ಹೇಳದೇ ಉಳಿಸಿಕೊಂಡಿದ್ದು ಇನ್ನೊಂದಿದೆ. ಆ ಸಾಲಿನಲ್ಲಿ ನನಗೆ ಒಂದು ಕ್ಷಣ ಅನುಮಾನ ಬಂದಿತ್ತು. ಕ್ಲೈಂಟ್‌ಗೆ ಪ್ರಶ್ನೆ ಬರೆಯುವ ಕ್ವೆರಿ ಶೀಟ್ ತೆರೆದೂ ಇದ್ದೆ. ಅದರಲ್ಲಿ ಆಗಲೇ ಹದಿನಾಲ್ಕು ಪ್ರಶ್ನೆ ನನ್ನವೇ. 'ನೋ ಕ್ಯಾಪ್' ಬಗ್ಗೆ ಕೇಳಿದ್ದೆ, 'ಸ್ಪಿಲ್ ದ ಟೀ' ಬಗ್ಗೆ ಕೇಳಿದ್ದೆ. ಅವು ಹೊಸ ಹುಡುಗರ ಮಾತು, ಕೇಳಿದರೆ ಮರ್ಯಾದೆ ಹೋಗಲ್ಲ. ಆದರೆ 'ಡೌನ್' ಅಂದ್ರೆ ಏನು ಅಂತ ಬರೆದರೆ ಇವನಿಗೆ ಇಂಗ್ಲಿಷೂ ಬರಲ್ವಾ ಅಂದುಕೊಳ್ತಾರಲ್ಲ! ಶೀಟ್ ಮುಚ್ಚಿದೆ.

ಮೇಡಂ ಅರ್ಧ ಗಂಟೆ ಕೊಟ್ಟರು. ನಾನು 'ಇಶ್ ಹಾಬ್ ಬೊಕ್!' ಅಂತ ಹಾಕಿದೆ. ನನಗೆ ಮನಸ್ಸಿದೆ ಅಂತ. ನನಗೆ ಬಹಳ ಇಷ್ಟದ ಮಾತು. ಬೊಕ್ ಅಂದರೆ ಹೋತ. ಆದರೆ ಈ ಮಾತಿನ ಬೊಕ್ ರೋಮಾನಿ ಭಾಷೆಯ ಹಸಿವಿನಿಂದ ಬಂದದ್ದು ಅಂತಾರೆ, ನಮ್ಮ ಕಡೆಯ ಹಿಂದಿ 'ಭೂಖ್'ನ ನೆಂಟ. ಲೀಡ್‌ಗೂ ಈ ಕತೆ ಹೇಳಿದೆ, ಅವನು ಗಡಿಯಾರ ನೋಡಿದ. ಬಿಲ್ಡ್‌ನಲ್ಲಿ ಬಟನ್ ಒಡೆದುಹೋಯಿತು. ಹನ್ನೆರಡು ಅಕ್ಷರಕ್ಕಷ್ಟೇ ಜಾಗ, ಜರ್ಮನ್ ಅಕ್ಷರದಲ್ಲಿ, ಸ್ಪೇಸೂ ಸೇರಿ ನನ್ನದು ಹದಿಮೂರು. ಕೊನೆಗೆ ಮೇಡಮ್ಮೇ 'ಬಿನ್ ಡಬೈ!' ಅಂತ ಟೈಪ್ ಮಾಡಿದರು. ಹತ್ತು ಅಕ್ಷರ. ನಾನೂ ಇದ್ದೀನಿ, ಅಷ್ಟೇ. ಮಕ್ಕಳಿಂದ ಅಜ್ಜಿವರೆಗೆ ಯಾರು ಬೇಕಾದರೂ ಹೇಳುವಂಥದ್ದು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಅವಮಾನ ತೊಳೆಯೋಕೆ ವಾರಾಂತ್ಯವಿಡೀ ಕೂತು ಮಿಕ್ಕ ಸ್ಲ್ಯಾಂಗಿಗೆಲ್ಲ ಖಾರ ಹಾಕಿದೆ. ಸಖತ್ ಅನ್ನುವ ಅರ್ಥದ 'ಲಿಟ್'ಗೆ ಯಾವುದೋ ಪಟ್ಟಿಯಿಂದ 'ದಸ್ ಫೆಟ್ಸ್ಟ್' ಹೆಕ್ಕಿ ತಂದೆ. ಸೋಮವಾರ ಮೇಡಂ ಕಾಮೆಂಟ್ ಬಂತು: "ಲೈಪ್‌ಜಿಗ್‌ನಲ್ಲಿ ನಮ್ಮಮ್ಮ ಹೀಗೆ ಹೇಳ್ತಿದ್ದರು." ಅದು ಹಳೆಯ ಪೂರ್ವ ಜರ್ಮನಿಯ ಹುಡುಗರ ಮಾತಂತೆ. ಈಗಿನವರಿಗೆ 'ಕ್ರಸ್' ಸಾಕು. ಇಲ್ಲದಿದ್ದರೆ ಇಂಗ್ಲಿಷನ್ನೇ ಬಿಡಬೇಕು. ಅಲ್ಲಿನ ನಿಘಂಟು ಪ್ರಕಾಶಕರಾದ ಲಾಂಗೆನ್‌ಶೈಟ್‌ನವರ ಆಯ್ಕೆಯಲ್ಲಿ 2021ರ ಯುವಪದವಾಗಿ ಗೆದ್ದದ್ದೇ 'ಕ್ರಿಂಜ್'! ಸಮಾನ ಪದ ಹುಡುಕು ಅಂತ ನನಗೆ ಸಂಬಳ ಕೊಡ್ತಾರೆ, ಅವರು ಹುಡುಕೋದನ್ನೇ ಬಿಟ್ಟಿದ್ದಾರೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಲೀಡ್ ಸಮಾಧಾನ ಮಾಡಿದ: "ನಾವು 'ಚಿಂದಿ ಮಗಾ' ಅಂತೀವಲ್ಲ, ಅದನ್ನ ಯಾವನಾದ್ರೂ ಜರ್ಮನ್ನವನ ಕೈಗೆ ಕೊಡು. ಹರಿದ ಬಟ್ಟೆ, ಮಗನೇ ಅಂತ ಮಾಡ್ತಾನೆ." ನಕ್ಕೆ. ಟೊಮೆಟೊ ಬಾತ್ ಒಳಗೆ ಹೋಯಿತು.

ಆದರೆ ಟಿಎಂ, ಅಂದರೆ ಹಳೆಯ ಅನುವಾದಗಳನ್ನು ಕೂಡಿಟ್ಟು ಅದೇ ಸಾಲು ಮತ್ತೆ ಬಂದಾಗ ತಾನೇ ತುಂಬುವ ಟ್ರಾನ್ಸ್‌ಲೇಷನ್ ಮೆಮೊರಿ, ಅದನ್ನು ಯಾರೂ ಕ್ಲೀನ್ ಮಾಡಲಿಲ್ಲ. ಆ ಕೆಲಸಕ್ಕೆ ಬಿಲ್ಲಿಂಗ್ ಕೋಡ್ ಇಲ್ಲ. ಮೂರು ತಿಂಗಳ ಮೇಲೆ ಅದೇ ಕ್ಲೈಂಟ್‌ನ ಇನ್ನೊಂದು ಆ್ಯಪ್ ಬಂತು, ಹೊಸದಾಗಿ ಸೇರಿದ ಹುಡುಗಿಗೆ ಕೊಟ್ಟರು. "ಸರ್, ಇದೊಂದು ಸೆಗ್ಮೆಂಟ್ ಲಾಕ್ ಆಗಿದೆ, ಎಡಿಟ್ ಆಗ್ತಿಲ್ಲ" ಅಂತ ಕರೆದಳು. ಹೋಗಿ ನೋಡಿದೆ. ಹಸಿರು ಬಣ್ಣದಲ್ಲಿ ನೂರು ಪರ್ಸೆಂಟ್ ಮ್ಯಾಚ್, ಇಶ್ ಬಿನ್ ಆಮ್ ಬೋಡನ್, ಪಕ್ಕದಲ್ಲಿ ನನ್ನ ಯೂಸರ್ ಐಡಿ.