ಎಷ್ಟು ಜನ ಇಂಡಿಯಾಗೆ ಆಡಿದ್ರು ಸಾರ್?

ಹೈಸ್ಕೂಲಲ್ಲಿ ಫುಟ್‌ಬಾಲ್ ಕೋಚ್ ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳೋದು ಇದೇ, ಇಷ್ಟು ವರ್ಷದಲ್ಲಿ ನಿಮ್ಮ ಹುಡುಗ್ರು ಎಷ್ಟು ಜನ ಇಂಡಿಯಾಗೆ ಆಡಿದ್ರು ಅಂತ. ಒಬ್ರೂ ಇಲ್ಲ. ಆಯ್ತಾ? ಬರೆದು ಹಾಕಿದೀನಿ, ಇನ್ಮೇಲೆ ಕೇಳಬೇಡಿ.

ಮೊನ್ನೆ ಒಂದು ಮದುವೇಲಿ ಪಂಕ್ತೀಲಿ ಪಕ್ಕ ಕೂತಿದ್ದೋರು, ನಮ್ ಕಡೆಯವರೇ, ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ ಇದನ್ನೇ ಕೇಳಿದ್ರು, ಇಲ್ಲ ಅಂದಿದ್ದಕ್ಕೆ "ಮತ್ತೆ ಇಷ್ಟು ವರ್ಷ ಏನ್ ಮಾಡಿದ್ರಿ" ಅಂದ್ರು. ಅವರ ಮಗ ಎಂಟು, ಒಂಬತ್ತರಲ್ಲಿ ನನ್ ಹತ್ರಾನೇ ಆಡ್ತಿದ್ದ, ಒಳ್ಳೇ ಲೆಫ್ಟ್ ಬ್ಯಾಕು, ಹತ್ತನೇ ಕ್ಲಾಸ್ ಶುರುವಾಗ್ತಿದ್ದಂಗೆ ಟ್ಯೂಷನ್ ಅಂತ ಬಿಡಿಸಿದ್ದು ಇದೇ ಪುಣ್ಯಾತ್ಮರು! ಹೋಳಿಗೆ ಗಂಟಲಲ್ಲೇ ನಿಂತ್ಕೊಳ್ತು.

ಏನ್ ಮಾಡಿದ್ರಿ ಅಂದ್ರೆ? ರಾಜ್ಯಗಳ ಮಧ್ಯೆ ನಡೆಯೋ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫೀನ ಮೈಸೂರು ರಾಜ್ಯ ಅಂತ ಇದ್ದಾಗ 1968-69ರಲ್ಲಿ ನಾವು ಗೆದ್ದಿದ್ವಿ, ಆಮೇಲೆ ಕರ್ನಾಟಕ ಗೆದ್ದಿದ್ದು 2023ರ ಮಾರ್ಚಲ್ಲಿ, ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. ಮಧ್ಯೆ 54 ವರ್ಷ. ಅಷ್ಟೂ ವರ್ಷ ಸ್ಕೂಲ್ ಗ್ರೌಂಡಲ್ಲಿ ಕಲ್ಲು ಆರಿಸಿ, ಬಾಲ್‌ಗೆ ಗಾಳಿ ಹೊಡೆದು, ಸುಣ್ಣದ ಪುಡೀಲಿ ಗೆರೆ ಎಳೆದ ಪಿಟಿ ಮೇಷ್ಟ್ರುಗಳೆಲ್ಲ ಏನೂ ಮಾಡ್ಲಿಲ್ವಾ?

ಕೇಳ್ಲೇಬೇಕು ಅಂದ್ರೆ, ಎಂಟನೇ ಕ್ಲಾಸಿಗೆ ಹೊಸದಾಗಿ ಬಂದ ಹುಡುಗಂಗೆ ಮೊದ್ಲು ಏನ್ ಹೇಳಿಕೊಡ್ತೀರಿ ಅಂತ ಕೇಳಿ, ಊಟ ಬಿಟ್ಟು ಹೇಳ್ತೀನಿ. ಎಲ್ಲಾ ಬರೋದು ಬೆರಳ ತುದೀಲಿ ಒದಿಯೋದು ಕಲ್ತ್ಕೊಂಡೇ, ಬಾಲ್ ಎಲ್ಲಿಗೆ ಹೋಗುತ್ತೋ ದೇವರಿಗೇ ಗೊತ್ತು. ಒದಿಯೋ ಕಾಲು ಆಮೇಲೆ ನೋಡೋಣ ಕಣೋ, ಊರೋ ಕಾಲು ಬಾಲ್ ಪಕ್ಕದಲ್ಲಿಡು, ಎಲ್ಲಿಗೆ ಕಳಿಸ್ಬೇಕೋ ಆ ಕಡೆ ಬೆರಳು ತಿರುಗಿರ್ಲಿ, ಆಂಕಲ್ ಟೈಟ್ ಇರ್ಲಿ, ಪಾದದ ಒಳಬದೀಲಿ ತಳ್ಳು. ಗೋಡೆಗೆ ಹೊಡಿ, ವಾಪಸ್ ತಗೋ, ವಾರಗಟ್ಲೆ ಇಷ್ಟೇ. ಬೋರು ಸಾರ್ ಅಂತ ರಾಗ ಎಳೀತಾವೆ. ಒಂದಿನ ಅದೇ ಹುಡುಗ ತಲೆ ಎತ್ಕೊಂಡು, ಬಾಲ್ ಕಡೆ ನೋಡದೇನೇ, ಓಡ್ತಿರೋನ ಮುಂದಕ್ಕೆ ಸರಿಯಾಗಿ ಪಾಸ್ ಹಾಕ್ತಾನೆ. ನಾನು ಈ ಕೆಲಸದಲ್ಲಿ ಇರೋದು ಇದಕ್ಕೆ.

ಅವನು ಆ ಮಟ್ಟಕ್ಕೆ ಬರೋಷ್ಟರಲ್ಲಿ ಹತ್ತನೇ ಕ್ಲಾಸು. 1960ರಲ್ಲಿ ಶುರುವಾದ, ದೇಶದ ಸ್ಕೂಲ್ ಟೀಮುಗಳು ಆಡೋ ಸುಬ್ರೋತೋ ಕಪ್‌ನಲ್ಲಿ 17 ವರ್ಷದೊಳಗಿನ ಟೀಮಿಗೆ ಆಡೋ ವಯಸ್ಸೂ ಅದೇ. ಗ್ರೌಂಡು ಬಿಡ್ಸೋದೂ ಕರೆಕ್ಟಾಗಿ ಆವಾಗ್ಲೇ.

ಇಂಡಿಯಾಗೆ ಆಡೋರು ಬೇಕು ಅಂದ್ರೆ ಹತ್ತರಲ್ಲೂ ಬೆಳಿಗ್ಗೆ ಒಂದ್ ಗಂಟೆ ಕಳಿಸಿ. ಏಳೂವರೆಗೆ ನಾನೇ ಬಿಟ್ಬಿಡ್ತೀನಿ, ಎಂಟಕ್ಕೆ ಟ್ಯೂಷನ್‌ಗೂ ಹೋಗ್ಲಿ.