ಡಿಸೆಂಬರ್ 31ಕ್ಕೆ ಮುಗಿಯುವ ರಜೆ

ಡಿಸೆಂಬರ್ 13, 2024, ಶುಕ್ರವಾರ
ರಾಲಿ, ನಾರ್ತ್ ಕ್ಯಾರೊಲೈನಾ

ಇವತ್ತು ಬೆಳಗ್ಗೆ ನಮ್ಮ ವಿಶ್ವವಿದ್ಯಾಲಯದ ನೇಮಕಾತಿ ವಿಭಾಗದವರು ಸೇರಿ ಫುಡ್ ಬ್ಯಾಂಕಿನ ಗೋದಾಮಿನಲ್ಲಿ ಗೆಣಸು ಆರಿಸಿದೆವು. ಮಧ್ಯಾಹ್ನ ಆಫೀಸಿಗೆ ಬಂದು ಕೂತರೂ ಮನಸ್ಸು ಅಲ್ಲೇ ಇತ್ತು. ಹಾಗಾಗಿ ರಾತ್ರಿ ಊಟ ಮುಗಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುವುದು ಬೋಧಕೇತರ ಸಿಬ್ಬಂದಿಯ ನೇಮಕಾತಿ. ಲೆಕ್ಕಪತ್ರದವರು, ಲ್ಯಾಬ್ ಸಹಾಯಕರು, ಲೈಬ್ರರಿಯವರು, ಎಲೆಕ್ಟ್ರಿಷಿಯನ್, ಹೌಸ್‌ಕೀಪಿಂಗ್, ವಿಭಾಗದ ಆಫೀಸು ನಡೆಸುವವರು. ವಿಶ್ವವಿದ್ಯಾಲಯ ಅಂದರೆ ಪ್ರೊಫೆಸರ್‌ಗಳು ಅಂತ ಎಲ್ಲರಿಗೂ ಅನ್ನಿಸುತ್ತೆ. ಆದರೆ ಬೆಳಗ್ಗೆ ಬಾಗಿಲು ತೆಗೆಯುವುದರಿಂದ ಹಿಡಿದು ತಿಂಗಳ ಕೊನೆಗೆ ಸಂಬಳ ಹಾಕುವ ತನಕ ಎಲ್ಲ ನಡೆಯುವುದು ಇವರಿಂದ. ಡಿಸೆಂಬರ್ ಬಂತೆಂದರೆ ನಮ್ಮ ಕೆಲಸ ನಿಧಾನವಾಗುತ್ತದೆ. ಸಂದರ್ಶನ ಮಾಡಬೇಕಾದ ಸಮಿತಿಯವರು ಕೈಗೆ ಸಿಗುವುದಿಲ್ಲ. "ಜನವರಿಯಲ್ಲಿ ನೋಡೋಣ" ಅನ್ನುವ ಮೇಲ್ ದಿನಾ ಬರುತ್ತದೆ. 24, 25, 26 ಹೇಗೂ ಕ್ರಿಸ್‌ಮಸ್ ರಜೆ.

ಇದೇ ಹೊತ್ತಿಗೆ ಎಲ್ಲರಿಗೂ ಇನ್ನೊಂದು ನೆನಪಾಗುತ್ತದೆ. ಈ ರಾಜ್ಯದ ಸರ್ಕಾರಿ ನೌಕರರಿಗೆ ವರ್ಷಕ್ಕೆ 24 ಗಂಟೆ ಸಮುದಾಯ ಸೇವೆಯ ರಜೆ ಇದೆ. ಸರ್ಕಾರಿ ವಿಶ್ವವಿದ್ಯಾಲಯದವರಿಗೂ ಅದು ಸಿಗುತ್ತದೆ. ಸೇವಾ ಸಂಸ್ಥೆಯಲ್ಲೋ ಶಾಲೆಯಲ್ಲೋ ಕೆಲಸ ಮಾಡಿ ಬಂದರೆ ಆ ಹೊತ್ತಿನ ಸಂಬಳ ಕಟ್ ಆಗುವುದಿಲ್ಲ. ಆದರೆ ಡಿಸೆಂಬರ್ 31ಕ್ಕೆ ಅದು ಮುಗಿದುಹೋಗುತ್ತದೆ. ಮುಂದಿನ ವರ್ಷಕ್ಕೆ ಸೇರಿಸಿಕೊಳ್ಳುವ ಹಾಗಿಲ್ಲ, ದುಡ್ಡಾಗಿ ತೆಗೆದುಕೊಳ್ಳುವ ಹಾಗೂ ಇಲ್ಲ. ಅದಕ್ಕೇ ವರ್ಷವಿಡೀ ಸುಮ್ಮನಿದ್ದವರು ಈ ತಿಂಗಳು ಒಮ್ಮೆಲೇ ಹೊರಡುತ್ತಾರೆ. ಹಬ್ಬದ ಮನಸ್ಸೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆಫೀಸಿನ ಬಾಗಿಲ ಹತ್ತಿರ ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯ ಏಂಜೆಲ್ ಟ್ರೀ ನಿಲ್ಲಿಸಿದ್ದೇವೆ. 1979ರಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ ಶುರುವಾದ ಪದ್ಧತಿ ಅದು. ಕೊಂಬೆಗೆ ಕಟ್ಟಿದ ಒಂದೊಂದು ಚೀಟಿಯಲ್ಲಿ ಒಂದೊಂದು ಮಗುವಿನ ವಯಸ್ಸು, ಬಟ್ಟೆಯ ಅಳತೆ, ಬೇಕಾದ ಆಟಿಕೆ. ನಾನು ತೆಗೆದುಕೊಂಡ ಚೀಟಿಯ ಹುಡುಗಿ ಕೇಳಿದ್ದು ದಪ್ಪ ಜಾಕೆಟ್ ಮತ್ತು ಬಣ್ಣದ ಪೆನ್ಸಿಲ್. ಎರಡನ್ನೂ ತಂದಿಟ್ಟೆ.

ಫುಡ್ ಬ್ಯಾಂಕಿನ ಬಗ್ಗೆ ಊರಿನಲ್ಲಿರುವವರು ಕೇಳುತ್ತಿರುತ್ತಾರೆ, ಹೇಳಿಬಿಡುತ್ತೇನೆ. ಇದು ದಾಸೋಹದ ಥರ ಕೂತು ಉಣ್ಣುವ ಜಾಗ ಅಲ್ಲ, ದೊಡ್ಡ ಗೋದಾಮು. ರೈತರು, ಅಂಗಡಿಗಳು, ಕಂಪನಿಗಳು ಕೊಟ್ಟ ಆಹಾರ ಇಲ್ಲಿಗೆ ಬರುತ್ತದೆ. ಇಲ್ಲಿ ಆರಿಸಿ, ಕಟ್ಟಿ, ಚರ್ಚು, ಶಾಲೆ, ಊಟದ ಮನೆಗಳಿಗೆ ಕಳಿಸುತ್ತಾರೆ. 1967ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗಲ್ ಎಂಬಾತ ಮೊದಲ ಫುಡ್ ಬ್ಯಾಂಕ್ ಶುರು ಮಾಡಿದ. ನಮ್ಮ ಭಾಗದ್ದು 1980ರದ್ದು, 34 ಕೌಂಟಿಗಳಿಗೆ (ನಮ್ಮ ಜಿಲ್ಲೆಗಳ ಥರ) ಇಲ್ಲಿಂದಲೇ ಆಹಾರ ಹೋಗುತ್ತದೆ. ಈ ಸಲ ಎಲ್ಲರ ಬಾಯಲ್ಲೂ ಹೆಲೀನ್ ಚಂಡಮಾರುತದ ಮಾತೇ. ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಪಶ್ಚಿಮದ ಬೆಟ್ಟಗಳ ಕಡೆ ನೀರು ಉಕ್ಕಿದಾಗ ಆಶ್‌ವಿಲ್‌ನ ಮನ್ನಾ ಫುಡ್ ಬ್ಯಾಂಕಿನ ಗೋದಾಮೇ ಹಾಳಾಯಿತು. ಹಸಿದವರಿಗೆ ಕೊಡುವವರ ಕಟ್ಟಡವೇ ಹೋದರೆ ಜನ ಎಲ್ಲಿಗೆ ಹೋಗಬೇಕು? ಅವರು ಬೇರೆ ಜಾಗ ಹುಡುಕಿಕೊಂಡು ಮತ್ತೆ ಶುರು ಮಾಡಿದ್ದಾರೆ ಅನ್ನುವುದೇ ದೊಡ್ಡ ಸಮಾಧಾನ.

ಒಂಬತ್ತಕ್ಕೆ ನಮ್ಮ ಪಾಳಿ. ಗೋದಾಮು ತಣ್ಣಗೆ ಕೊರೆಯುತ್ತಿತ್ತು, ಸ್ವೆಟರ್ ಮೇಲೆ ಏಪ್ರನ್ ಕಟ್ಟಿಕೊಂಡೆವು. ಸೊಂಟದೆತ್ತರದ ರಟ್ಟಿನ ಡಬ್ಬಗಳ ತುಂಬ ಗೆಣಸು, ಇನ್ನೂ ಮಣ್ಣು ಮೆತ್ತಿದ್ದು. ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಗೆಣಸು ಬೆಳೆಯುವುದು ಈ ರಾಜ್ಯದಲ್ಲೇ. 1995ರಿಂದ ಇದು ಇಲ್ಲಿನ ರಾಜ್ಯ ತರಕಾರಿ ಕೂಡ. ಅಂಗಡಿಗೆ ನೇರವಾದ, ಒಂದೇ ಅಳತೆಯ ಗೆಣಸು ಬೇಕು. ಡೊಂಕಾದದ್ದು, ತೀರಾ ದಪ್ಪನೆಯದು, ಜೋಡಿ ಅಂಟಿಕೊಂಡದ್ದು ಇಲ್ಲಿಗೆ ಬರುತ್ತದೆ. ಕೈಯಲ್ಲಿ ಹಿಡಿದು ಒತ್ತಿ ನೋಡಬೇಕು. ಮೆತ್ತಗಿದ್ದರೆ, ಬೂಷ್ಟು ಹಿಡಿದಿದ್ದರೆ ಪಕ್ಕಕ್ಕೆ. ಗುದ್ದಲಿ ತಾಗಿ ಗಾಯವಾಗಿ ಒಣಗಿದ್ದರೆ ಪರವಾಗಿಲ್ಲ, ಬಲೆಚೀಲಕ್ಕೆ ಹಾಕಬಹುದು. ಒಂದು ಕೊಳೆತದ್ದು ಒಳಗೆ ಸೇರಿದರೆ ಚೀಲವೆಲ್ಲ ಹಾಳು, ಹಾಗಾಗಿ ಮಾತಾಡುತ್ತಿದ್ದರೂ ಕಣ್ಣು ಕೈಯ ಮೇಲೇ ಇರಬೇಕು. ಇನ್ನೊಂದು ತಿಂಗಳಿಗೆ ಸಂಕ್ರಾಂತಿ. ಊರಲ್ಲಾದರೆ ಗೆಣಸು, ಅವರೆಕಾಯಿ, ಕಡಲೆಕಾಯಿ ಬೇಯುವ ವಾಸನೆ.

ನಮ್ಮ ಮೇಜಿನ ಎದುರಿಗೆ ಬೇರೆ ಗುಂಪಿನವರಿದ್ದರು. ಅದರಲ್ಲೊಬ್ಬ ಹುಡುಗಿ ನನ್ನ ಬ್ಯಾಡ್ಜ್ ಮೇಲಿನ ಹೆಸರು ಓದಿ, "ಅಕ್ಕಾ, ಕನ್ನಡದವರಾ?" ಅಂದಳು. ಹಾಸನದ ಕಡೆಯವಳು. ಅಲ್ಲಿ ಸಹಕಾರಿ ಬ್ಯಾಂಕೊಂದರಲ್ಲಿ ಲೆಕ್ಕ ನೋಡುತ್ತಿದ್ದಳಂತೆ. ಮದುವೆಯಾಗಿ, ಇಲ್ಲಿ ಕೆಲಸಕ್ಕೆ ಬಂದವರ ಗಂಡ ಅಥವಾ ಹೆಂಡತಿಗೆ ಕೊಡುವ ಎಚ್-4 ವೀಸಾದ ಮೇಲೆ ಬಂದು, ಕೆಲಸ ಮಾಡುವಂತಿಲ್ಲದೆ ಮನೆಯಲ್ಲಿ ಕೂತಿದ್ದಳು. ರಿಸರ್ಚ್ ಟ್ರಯಾಂಗಲ್ ಅನ್ನುವ ನಮ್ಮ ಈ ರಾಲಿ-ಡರಮ್ ಪ್ರದೇಶದ ಸುತ್ತಮುತ್ತ ಇಂಥವರು ಎಷ್ಟು ಮಂದಿ ಇದ್ದಾರೆ! ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದರೆ ಹೆಂಡತಿ ವರ್ಕ್ ಪರ್ಮಿಟ್ ಕೇಳಬಹುದು ಅಂತ 2015ರಲ್ಲಿ ನಿಯಮ ಬಂತು. ಆ ಹಂತ ಬರುವವರೆಗೆ ಇಂಥ ಜಾಗದಲ್ಲಿ ಬಂದು ದುಡಿಯುತ್ತಾರೆ. ಸಂಬಳ ಇಲ್ಲದಿದ್ದರೂ ನಾಲ್ಕು ಜನರ ಜೊತೆ ಕೆಲಸ ಮಾಡಿದ ಹಾಗಾಗುತ್ತದಲ್ವಾ?

ಈಗ ಅವಳಿಗೆ ಪರ್ಮಿಟ್ ಬಂದಿದೆ. "ಅಕ್ಕಾ, ಯೂನಿವರ್ಸಿಟಿ ಕೆಲಸಗಳಿಗೆ ಅರ್ಜಿ ಹಾಕ್ತಾನೇ ಇದ್ದೀನಿ. ಒಂದಕ್ಕೂ ಕರೆಯಲ್ಲ. ಊರಿನ ಅನುಭವಕ್ಕೆ ಇಲ್ಲಿ ಬೆಲೆ ಇಲ್ವಾ?"

"ಇದೆ. ಅರ್ಜಿಯಲ್ಲಿ ಕೆಲಸದ ವಿವರ ಕೇಳುವ ಜಾಗದಲ್ಲಿ ಏನು ಬರೆದಿದ್ದೀಯಾ?"

"ರೆಸ್ಯೂಮೆ ನೋಡಿ ಅಂತ ಬರೆದಿದ್ದೀನಿ. ರೆಸ್ಯೂಮೆ ಅಪ್‌ಲೋಡ್ ಮಾಡಿದ್ದೀನಲ್ಲ?"

ತೊಡಕೆಲ್ಲ ಅಲ್ಲೇ ಇತ್ತು. ಊರಲ್ಲಿ ಅಧಿಸೂಚನೆ ಬರುತ್ತದೆ, ಪರೀಕ್ಷೆ ಇರುತ್ತದೆ, ಅಂಕದ ಮೇಲೆ ಪಟ್ಟಿ ತಯಾರಾಗುತ್ತದೆ. ಇಲ್ಲಿ ಪರೀಕ್ಷೆ ಇಲ್ಲ. ಅರ್ಜಿಯೇ ಪರೀಕ್ಷೆ. ರಾಜ್ಯದ ಸಿಬ್ಬಂದಿ ಕಾನೂನಿಗೆ ಒಳಪಟ್ಟ ಹುದ್ದೆಯನ್ನು ಕನಿಷ್ಠ 5 ಕೆಲಸದ ದಿನ ಜಾಹೀರಾತಿನಲ್ಲಿ ಇಡುತ್ತಾರೆ. ಆಮೇಲೆ ನಮ್ಮಂಥವರು ಕೂತು ಒಂದೊಂದೇ ಅರ್ಜಿ ತೆರೆದು, ಕನಿಷ್ಠ ಅರ್ಹತೆ ಇದೆಯೋ ಇಲ್ಲವೋ ಅಂತ ನೋಡುತ್ತೇವೆ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ವಾರಕ್ಕೆ ಎಷ್ಟು ಗಂಟೆ, ಕೈಯಾರೆ ಏನೇನು ಮಾಡಿದಿರಿ, ಇದೆಲ್ಲ ಆ ಫಾರಂನಲ್ಲೇ ಇರಬೇಕು. "ರೆಸ್ಯೂಮೆ ನೋಡಿ" ಅಂತ ಬರೆದರೆ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಇದು ಯಾರ ಹಟವೂ ಅಲ್ಲ. ಎಲ್ಲರನ್ನೂ ಒಂದೇ ಅಳತೆಯಲ್ಲಿ ನೋಡಬೇಕು ಅಂದರೆ ಎಲ್ಲರ ವಿವರವೂ ಒಂದೇ ಜಾಗದಲ್ಲಿ ಇರಬೇಕು. ಆದರೆ ಹೊರಗಿನವರಿಗೆ ಇದು ಗೊತ್ತಾಗುವುದು ಹೇಗೆ? ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹಸಿದು ಕೆಲಸ ಹುಡುಕುವವರು ಅಷ್ಟು ಕೆಳಗಿನ ತನಕ ಓದುವುದಿಲ್ಲ.

ಅವಳು ಬ್ಯಾಂಕಿನಲ್ಲಿ ಮಾಡುತ್ತಿದ್ದದ್ದೇನು ಅಂತ ಕೇಳಿದೆ. ದಿನದ ಕೊನೆಗೆ ನಗದು ತಾಳೆ ನೋಡುವುದು, ಸಾಲದ ಕಂತು ಬರೆಯುವುದು, ಆಡಿಟ್‌ನವರು ಬಂದಾಗ ಕಡತ ತೆಗೆದುಕೊಡುವುದು, ತಿಂಗಳ ಕೊನೆಗೆ ಲೆಕ್ಕ ಮುಗಿಸುವುದು. ನಮ್ಮ ಲೆಕ್ಕಪತ್ರ ಹುದ್ದೆಗಳ ಜಾಹೀರಾತಿನಲ್ಲಿ ಇರುವುದೂ ಹೆಚ್ಚುಕಮ್ಮಿ ಇದೇ ಕೆಲಸಗಳು. "ಇದನ್ನೆಲ್ಲ ಒಂದೊಂದು ಸಾಲಾಗಿ ಬರಿ. ಸಾಲ ಎಷ್ಟು ಜನರದ್ದು, ದಿನಕ್ಕೆ ಎಷ್ಟು ವ್ಯವಹಾರ, ನೆನಪಿದ್ದಷ್ಟು ಹಾಕು. ಊರಿನ ಕೆಲಸ ಅಂತ ಸಣ್ಣದು ಮಾಡಬೇಡ" ಅಂದೆ. ಪದವಿಗೆ ಬದಲಾಗಿ ಅನುಭವವನ್ನೂ ಲೆಕ್ಕಕ್ಕೆ ಹಿಡಿಯಬಹುದು ಅಂತ ಎಷ್ಟೋ ಜಾಹೀರಾತಿನಲ್ಲಿ ಬರೆದಿರುತ್ತದೆ, ಅದನ್ನೂ ಹೇಳಿದೆ. 2023ರಲ್ಲಿ ಗವರ್ನರ್ ರಾಯ್ ಕೂಪರ್ ರಾಜ್ಯದ ಇಲಾಖೆಗಳಿಗೆ ಇದನ್ನೇ ಹೇಳುವ ಆದೇಶ ಹೊರಡಿಸಿದ್ದರು. ನಡುವೆ ಕೂತ ವರ್ಷಗಳ ಬಗ್ಗೆ ಅವಳಿಗೆ ತುಂಬ ಸಂಕೋಚ. ಫುಡ್ ಬ್ಯಾಂಕಿನ ಸೇವೆಯನ್ನೂ ದಿನಾಂಕದ ಸಮೇತ ಬರಿ, ಇದೂ ಕೆಲಸವೇ ಅಂದೆ. ಕೈಯಲ್ಲಿದ್ದ ಗೆಣಸು ಚೀಲಕ್ಕೆ ಹಾಕಿ, "ಇದನ್ನೂ ಬರೀಬಹುದಾ?" ಅಂತ ಮತ್ತೆ ಕೇಳಿದಳು.

ಒಂದು ಗೆರೆ ಮಾತ್ರ ದಾಟಲಿಲ್ಲ. ಅವಳ ಹೆಸರು ಬರೆದುಕೊಳ್ಳಲಿಲ್ಲ, ಯಾವ ಹುದ್ದೆ ಅಂತ ಕೇಳಲಿಲ್ಲ, ನನ್ನ ನಂಬರ್ ಕೊಡಲಿಲ್ಲ. ಸಾರ್ವಜನಿಕರ ಮುಂದೆ ಈಗಾಗಲೇ ಇರುವ ನಿಯಮವನ್ನಷ್ಟೇ ಹೇಳಿದೆ. ನಮ್ಮವಳು ಅಂತ ಒಬ್ಬಳಿಗೆ ಪಕ್ಕದಲ್ಲಿ ಕೂತು ಅರ್ಜಿ ತುಂಬಿಸಿಕೊಟ್ಟು, ಆಮೇಲೆ ಅದೇ ಅರ್ಜಿಯನ್ನು ನಾನೇ ಪರಿಶೀಲಿಸಿದರೆ, ಅವತ್ತೇ ಅರ್ಜಿ ಹಾಕಿದ ಉಳಿದವರಿಗೆ ಮೋಸ. ಹಾಗಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದೂ ಸರಿ ಅಲ್ಲ. ಒಬ್ಬರಿಗೆ ಕಿವಿಯಲ್ಲಿ ಹೇಳುವುದನ್ನು ಎಲ್ಲರಿಗೂ ಜೋರಾಗಿ ಹೇಳಿಬಿಟ್ಟರೆ ಆಯಿತಲ್ಲ?

ವಾಪಸ್ ಬರುವಾಗ ಕಾರಿನಲ್ಲಿ ನಮ್ಮ ಮ್ಯಾನೇಜರ್ ಹತ್ತಿರ ಇದನ್ನೇ ಎತ್ತಿದೆ. ಗೆಣಸು ಆರಿಸುವುದು ಬೇಕಾದ ಕೆಲಸವೇ, ನನಗೆ ಅದರಲ್ಲಿ ಸಂತೋಷವೂ ಇದೆ. ಆದರೆ ಗೆಣಸನ್ನು ಯಾರು ಬೇಕಾದರೂ ಆರಿಸಬಹುದು. ಇಂಥ ಅರ್ಜಿ ಹೇಗೆ ತುಂಬಬೇಕು, ಯಾವ ಸಾಲಿನಲ್ಲಿ ಜನ ಬಿದ್ದುಹೋಗುತ್ತಾರೆ ಅಂತ ಕೂತು ಹೇಳಬಲ್ಲವರು ನಾವು. ಫುಡ್ ಬ್ಯಾಂಕಿನ ಚೀಲ ಒಯ್ಯುವ ಮನೆಗಳಲ್ಲಿ ಕೆಲಸ ಹುಡುಕುತ್ತಿರುವವರು ಇದ್ದೇ ಇರುತ್ತಾರೆ. ಜನವರಿಯಲ್ಲಿ ಹೊಸ 24 ಗಂಟೆ ಕೈಗೆ ಬರುತ್ತದೆ. ಸೇವಾ ಸಂಸ್ಥೆಯೊಂದರ ಜೊತೆ ಸೇರಿ, ಲೈಬ್ರರಿಯಲ್ಲಿ ಒಂದು ಕೋಣೆ ಕೇಳಿ, ಬಂದವರಿಗೆಲ್ಲ ಅರ್ಜಿ ತುಂಬುವುದನ್ನು ಕಲಿಸಬಹುದು. ನಮ್ಮ ವಿಶ್ವವಿದ್ಯಾಲಯಕ್ಕೇ ಅಂತಲ್ಲ, ಯಾವ ಸರ್ಕಾರಿ ಕೆಲಸಕ್ಕಾದರೂ ಅನುಕೂಲವಾಗುತ್ತದೆ. ಗೋದಾಮಿನಲ್ಲಿ ಸ್ವಯಂಸೇವಕರನ್ನು ನೋಡಿಕೊಳ್ಳುವ ಹೆಂಗಸು ಬೆಳಗ್ಗೆ ಹೇಳಿದ್ದೂ ನೆನಪಿತ್ತು: ಡಿಸೆಂಬರಿನಲ್ಲಿ ಪಾಳಿಗೆ ಜಾಗ ಸಿಗುವುದಿಲ್ಲ, ಜನವರಿ ಬಂದರೆ ಮೇಜುಗಳು ಖಾಲಿ ಹೊಡೆಯುತ್ತವೆ. ಬೇಸಿಗೆಯಲ್ಲಿ ಶಾಲೆ ಮುಚ್ಚಿ ಮಕ್ಕಳ ಮಧ್ಯಾಹ್ನದ ಊಟ ನಿಂತಾಗ ಇನ್ನೂ ಕಷ್ಟ.

ಮ್ಯಾನೇಜರ್‌ಗೆ ಹಿಡಿಸಿತು. "ನಮ್ಮಲ್ಲೇ ಅರ್ಜಿ ಹಾಕುವವರಿಗೆ ಒಬ್ಬೊಬ್ಬರಾಗಿ ಸಲಹೆ ಬೇಡ, ಎಲ್ಲರಿಗೂ ಒಂದೇ ಪಾಠ" ಅನ್ನುವ ಷರತ್ತು ಹಾಕಿದರು. ಅದು ನ್ಯಾಯವಾದ ಷರತ್ತು.

ನಾನು ಹೇಳಿದ ಇನ್ನೊಂದು ಮಾತನ್ನು ಮಾತ್ರ ಅವರು ಸ್ವಲ್ಪ ಯೋಚಿಸುತ್ತಾ ಕೇಳಿಸಿಕೊಂಡರು. ಇವತ್ತು ಗೋದಾಮಿಗೆ ಬಂದವರೆಲ್ಲ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವರು. ಹೌಸ್‌ಕೀಪಿಂಗ್‌ನವರು ಒಬ್ಬರೂ ಇರಲಿಲ್ಲ. ಖಾಯಂ ನೌಕರರಾದರೆ ಅವರಿಗೂ ಇದೇ 24 ಗಂಟೆ ಇದೆ, ಅರೆಕಾಲಿಕರಾದರೆ ಅದಕ್ಕೆ ತಕ್ಕಷ್ಟು. ಆದರೆ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಹೋಗುವವರು ಒಂಬತ್ತಕ್ಕೆ ಗೋದಾಮಿಗೆ ಬರುತ್ತಾರಾ? ಮೇಲ್ ನೋಡಲು ಕಂಪ್ಯೂಟರ್ ಮುಂದೆ ಕೂರದವರಿಗೆ ಇಂಥ ರಜೆ ಇದೆ ಅಂತ ಹೇಳುವವರಾದರೂ ಯಾರು? ತಾತ್ಕಾಲಿಕ ನೌಕರರಿಗಂತೂ ಈ ರಜೆಯೇ ಇಲ್ಲ. ಕಷ್ಟದಲ್ಲಿರುವವರಿಗೆ ಪುಕ್ಕಟೆ ಆಹಾರ ಕೊಡುವ ನಮ್ಮ ಕ್ಯಾಂಪಸ್ ಪ್ಯಾಂಟ್ರಿಯಿಂದ ಅಕ್ಕಿ, ಬೀನ್ಸ್ ಡಬ್ಬ ಒಯ್ಯುವವರಲ್ಲಿ ವಿದ್ಯಾರ್ಥಿಗಳ ಜೊತೆ ನಮ್ಮ ಸಿಬ್ಬಂದಿಯೂ ಇದ್ದಾರೆ. ಅವರ ಹುದ್ದೆಗಳಿಗೆ ಜನ ಹುಡುಕುವವರು ನಾವೇ ಆಗಿರುವಾಗ ಇದನ್ನು ನೋಡಿಯೂ ನೋಡದ ಹಾಗೆ ಇರಲು ನನಗಾಗುವುದಿಲ್ಲ.

ಹಾಗಂತ ಯಾರನ್ನೂ ಸೇವೆಗೆ ಎಳೆದು ತರಬಾರದು. 1938ರಿಂದಲೂ ಇಲ್ಲಿ ಕಾರ್ಮಿಕ ಕಾನೂನು ಇದೆ. ಗಂಟೆ ಲೆಕ್ಕದಲ್ಲಿ ದುಡಿಯುವವರನ್ನು ಆಫೀಸೇ ಕಳಿಸಿದರೆ ಅದು ಸೇವೆಯಲ್ಲ, ಕೆಲಸ. ಕೂಲಿ ಕೊಡಲೇಬೇಕು. ಬರದವರ ಹೆಸರನ್ನು ಯಾರೂ ಗುರುತು ಹಾಕಿಕೊಳ್ಳಬಾರದು. ನಮ್ಮ ವಿಭಾಗದಲ್ಲಿ ಇವತ್ತು ಇಬ್ಬರು ಬಂದಿರಲಿಲ್ಲ, ಯಾಕೆ ಅಂತ ಯಾರೂ ಕೇಳಲಿಲ್ಲ. ಅದೇ ಸರಿ. ಒಬ್ಬರ ಮನೆಯಲ್ಲಿ ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವುದೇ ದಿನವಿಡೀ ಆಗುತ್ತದೆ.

ಸೋಮವಾರ ಮಾಡಬೇಕಾದ್ದನ್ನು ಇಲ್ಲೇ ಬರೆದಿಡುತ್ತೇನೆ. ಹೌಸ್‌ಕೀಪಿಂಗ್ ಮೇಲ್ವಿಚಾರಕರನ್ನು ಕಂಡು, ಈ ರಜೆಯ ವಿವರವನ್ನು ಹಾಜರಿ ಹಾಕುವ ಜಾಗದಲ್ಲಿ ಅಂಟಿಸಬಹುದಾ ಅಂತ ಕೇಳಬೇಕು. ಇಂಗ್ಲಿಷ್ ಜೊತೆ ಸ್ಪ್ಯಾನಿಷ್ ಮತ್ತು ಬರ್ಮೀಸ್‌ನಲ್ಲೂ ಇರಲಿ. ರಾತ್ರಿ ಪಾಳಿಯವರಿಗೆ ಸಂಜೆಯ ಹೊತ್ತಿನ ಸೇವೆ ಎಲ್ಲಿದೆ ಅಂತ ಹುಡುಕಬೇಕು, ಮಕ್ಕಳ ಶಾಲೆಗೆ ಹೋಗಿ ಸಹಾಯ ಮಾಡಿದರೂ ಈ ರಜೆ ನಡೆಯುತ್ತದೆ ಅಂತ ಅವರಿಗೆ ಹೇಳಬೇಕು. ಆಮೇಲೆ ಲೈಬ್ರರಿಗೆ ಫೋನ್. ಜನವರಿಯ ಎರಡನೇ ಅಥವಾ ಮೂರನೇ ಶನಿವಾರ ಕೋಣೆ ಖಾಲಿ ಇದ್ದರೆ ಸಾಕು. ಖಾಲಿ ಅರ್ಜಿ ಫಾರಂ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಹಚ್ಚಬೇಕು. ಈ ಊರಿನ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೆಲಸ ಹುಡುಕುತ್ತಿರುವ ನೆರೆಮನೆಯವರಿಗೂ ಹೇಳಿ, ಅವರು ಯಾವ ದೇಶದವರಾದರೂ ಸರಿ. ದಿನಾಂಕ ಗೊತ್ತಾದ ಕೂಡಲೇ ಇಲ್ಲೇ ಹಾಕುತ್ತೇನೆ.