ಶೀಗಿ ಹುಣ್ಣಿಮೆಗೆ ಜಾಗ ಇಲ್ಲದ ಆ್ಯಪ್

ನಾನು ಹುಬ್ಬಳ್ಳಿಯಲ್ಲಿ ಕೂತು ಆರೋಗ್ಯದ ಆ್ಯಪ್‌ಗಳಿಗೆ ಸ್ಕ್ರೀನ್ ವಿನ್ಯಾಸ ಮಾಡುತ್ತೇನೆ. ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿ, ಲಂಬಾಣಿ ತಾಂಡಾಗಳ ಆಶಾ ಕಾರ್ಯಕರ್ತೆಯರು ಬಸುರಿಯರ ದಾಖಲೆ ಇಡಲಿ ಅಂತ ನಮ್ಮ ತಂಡ ಒಂದು ಆ್ಯಪ್ ಮಾಡಿತ್ತು. ಅದರಲ್ಲಿ ‘ಕೊನೆಯ ಮುಟ್ಟಿನ ದಿನಾಂಕ’ ಅಂತ ಒಂದು ಪೆಟ್ಟಿಗೆ. ಒತ್ತಿದರೆ ಕ್ಯಾಲೆಂಡರ್ ಬರುತ್ತದೆ, ತಾರೀಖು ಆರಿಸಬೇಕು. ಅದಕ್ಕೆ ನಾನು ಹತ್ತು ನಿಮಿಷವೂ ಕೊಟ್ಟಿರಲಿಲ್ಲ.

ಉಳಿದ ಲೆಕ್ಕವೆಲ್ಲ ಆ ಪೆಟ್ಟಿಗೆಯ ಮೇಲೆಯೇ ನಿಂತಿರುತ್ತದೆ. ಅಲ್ಲಿಂದ 280 ದಿನ ಎಣಿಸಿದರೆ ಹೆರಿಗೆಯ ದಿನ. 12 ವಾರದೊಳಗೆ ಹೆಸರು ಬರೆಸಬೇಕು. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆ. 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಬೇರೆಯೇ ಆರೈಕೆ ಬೇಕು. ಬುಡದ ತಾರೀಖು ತಪ್ಪಿದರೆ ಎಲ್ಲವೂ ತಪ್ಪಿದಂತೆ.

ಕೆಲವು ತಿಂಗಳಾದ ಮೇಲೆ ದಾಖಲೆ ತೆಗೆದು ನೋಡಿದೆ. ಮುಟ್ಟಿನ ದಿನಗಳು ತಿಂಗಳ 1ಕ್ಕೆ, 15ಕ್ಕೆ ರಾಶಿ ಬಿದ್ದಿದ್ದವು. ಇಷ್ಟೊಂದು ಹೆಂಗಸರಿಗೆ ಒಂದೇ ತಾರೀಖು ಇರುತ್ತದಾ? ಅದೇ ಹೊತ್ತಿಗೆ ಒಂದು ಫೋನ್ ಬಂತು. ಆ್ಯಪ್ ಪ್ರಕಾರ ದಿನ ಮೀರಿದೆ ಅಂತ ಒಬ್ಬ ಬಸುರಿಯನ್ನು ಮನೆಯವರು ಗಾಬರಿಯಿಂದ ಗಾಡಿ ಮಾಡಿಕೊಂಡು ಪೇಟೆಗೆ ಕರೆದೊಯ್ದಿದ್ದರು. ಅಲ್ಲಿ ಮೊದಲ ಸ್ಕ್ಯಾನ್‌ ಚೀಟಿ ನೋಡಿ, ಇನ್ನೂ ಎರಡು ವಾರಕ್ಕಿಂತ ಜಾಸ್ತಿ ಇದೆ ಅಂದರಂತೆ. ಗಾಡಿ ಬಾಡಿಗೆ ಹೋಯಿತು, ಇಬ್ಬರ ಕೂಲಿ ಹೋಯಿತು. ಆ ತಪ್ಪು ನಮ್ಮ ಆ್ಯಪ್‌ನದು.

ಸಂಕ್ರಾಂತಿಯ ಹೊತ್ತಿಗೆ ಮುಂಡರಗಿ ಕಡೆಯ ಒಂದು ಹಳ್ಳಿಗೆ ಹೋದೆ. ಅಂಗಳದ ತುಂಬ ಮೆಣಸಿನಕಾಯಿ ಹರವಿತ್ತು. ಐದಾರು ಹೆಂಗಸರು ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಆಶಾ ಅಕ್ಕ ಅವರಲ್ಲಿ ಒಬ್ಬಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ಕೇಳಿದರು. ಆಕೆ ಒಂದು ಕ್ಷಣವೂ ಯೋಚಿಸಲಿಲ್ಲ.

“ಶೀಗಿ ಹುಣ್ಣಿಮಿ ಆಗಿ ನಾಕನೇ ದಿನಕ್ಕ ರೀ. ಅವತ್ತ ಸಂತಿಗೆ ಹೋಗಾಕಿ ಇದ್ದೆ, ಹೊಟ್ಟಿ ನೋವು ಅಂತ ಬಿಟ್ಟೆ.”

ಶೀಗಿ ಹುಣ್ಣಿಮೆ ಅಂದರೆ ದಸರಾ ಆದ ಮೇಲೆ ಬರುವ ಹುಣ್ಣಿಮೆ. ಎಷ್ಟು ನಿಖರವಾದ ಉತ್ತರ ನೋಡಿ. ಹುಣ್ಣಿಮೆ ಇದೆ, ದಿನದ ಎಣಿಕೆ ಇದೆ, ತಾಳೆ ನೋಡಲು ಸಂತೆಯ ವಾರವೂ ಇದೆ. ಅಕ್ಕ ಫೋನ್ ತೆಗೆದರು. ಕ್ಯಾಲೆಂಡರ್ ಬಂತು. ಅದರಲ್ಲಿ ಶೀಗಿ ಹುಣ್ಣಿಮೆ ಎಲ್ಲಿದೆ? ತಾರೀಖು ಹಾಕದೆ ಆ್ಯಪ್ ಮುಂದೆ ಹೋಗುವುದಿಲ್ಲ. ಹಾಗೆ ಕಟ್ಟಿದವನು ನಾನೇ. ಅವರು ಅಕ್ಟೋಬರ್ 1 ಒತ್ತಿ, ನನ್ನ ಮುಖ ನೋಡಿ, “ಮುಂದ ಹೋಗಬೇಕಲ್ರಿ” ಅಂದರು.

ಅಲ್ಲಿಯೇ ಕೂತು ಕೆಲಸ ಶುರು ಮಾಡಿದೆವು. ಮೆಣಸಿನಕಾಯಿ ಹಿಡಿದ ಕೈಗಳು ಫೋನ್ ಮುಟ್ಟುವ ಹಾಗಿರಲಿಲ್ಲ. ಖಾರ ಸ್ಕ್ರೀನಿಗೆ ಹತ್ತಿದರೆ ಆಮೇಲೆ ಕಣ್ಣಿಗೂ ಹತ್ತುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ಚಂದ್ರನ ಚಿತ್ರ ಬರೆಯುತ್ತಾ ಹೋದೆ, ಅವರು ಹೇಳುತ್ತಾ ಹೋದರು. ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ನಾಗರ ಅಮಾವಾಸ್ಯೆ, ಶೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ. ವರ್ಷ ಪೂರ್ತಿ ಹದಿನೈದು ದಿನಕ್ಕೊಂದು ಗುರುತು! ಈಗ ಆ್ಯಪ್‌ನಲ್ಲಿ ಮೊದಲು ಬರುವುದು ಈ ಸಾಲು. ಹುಣ್ಣಿಮೆಯನ್ನೋ ಅಮಾವಾಸ್ಯೆಯನ್ನೋ ಆರಿಸಿ, ಮುಂಚೆಯಾ ಆದ ಮೇಲಾ, ಎಷ್ಟು ದಿನ ಅಂತ ಒತ್ತಿದರೆ ತಾರೀಖು ತಾನೇ ಬರುತ್ತದೆ, ವಾರದ ಹೆಸರನ್ನು ಫೋನ್ ಓದಿ ಹೇಳುತ್ತದೆ. ವಾರ ಹೊಂದಲಿಲ್ಲ ಅಂದರೆ ಆಕೆಯೇ ತಿದ್ದುತ್ತಾಳೆ. ನಿಜವಾಗಿ ನೆನಪಿಲ್ಲದವರಿಗೆ ‘ಗೊತ್ತಿಲ್ಲ’ ಅನ್ನುವ ಗುಂಡಿಯೂ ಇದೆ. ಅದನ್ನು ಒತ್ತಿದರೆ ಬೇಗ ಸ್ಕ್ಯಾನ್ ಮಾಡಿಸಿ ಅನ್ನುತ್ತದೆ.

ಈ ಸಾಲಿನ ಹಿಂದಿರುವ ತಾರೀಖುಗಳ ಪಟ್ಟಿಯನ್ನು ಪ್ರತಿ ವರ್ಷ ಹೊಸದಾಗಿ ತುಂಬಬೇಕು. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂದಿತ್ತು. ಅಧಿಕ ಮಾಸ ಬಂದ ವರ್ಷ ಇನ್ನೂ ಜೋಪಾನ. ಮೊಹರಂ, ರಂಜಾನ್ ಹಿಡಿದು ಲೆಕ್ಕ ಇಡುವವರೂ ಇದ್ದಾರೆ. ಅವು ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ. ತಾಂಡಾದ ಹೆಂಗಸರು ತಮ್ಮ ತೀಜ್ ಹಬ್ಬ ಸೇರಿಸಿ ಅಂದರು, ಸೇರಿಸಿದೆವು.

ಎರಡನೇ ಭೇಟಿಯಲ್ಲಿ ಒಬ್ಬ ಹಿರಿಯ ಆಶಾ ಅಕ್ಕ ಹೇಳಿದ ಮಾತಿಗೆ ನಾನು ಈಗಲೂ ಋಣಿ. “ಕೆಲವರು ಹೇಳೋದು ತಲಿ ಮ್ಯಾಲೆ ನೀರು ಹಾಕ್ಕೊಂಡ ದಿನ ರೀ, ಹೊರಗಾದ ದಿನ ಅಲ್ಲ.” ವೈದ್ಯರ ಲೆಕ್ಕ ಮುಟ್ಟಿನ ಮೊದಲ ದಿನದಿಂದ. ನೀರು ಹಾಕಿಕೊಳ್ಳುವುದು ನಾಲ್ಕನೇ ದಿನಕ್ಕೋ ಐದನೇ ದಿನಕ್ಕೋ. ಯಾವ ದಿನ ಹೇಳುತ್ತಿದ್ದೀರಿ ಅಂತ ಬಿಡಿಸಿ ಕೇಳುವ ಒಂದು ಸಾಲು ಈಗ ಆ್ಯಪ್‌ನಲ್ಲಿದೆ. ಆ ಸಾಲಿನ ಮಾತು ಅವರದೇ. ಹುಬ್ಬಳ್ಳಿಯಲ್ಲಿ ಕೂತು ನನಗೆ ಇದು ಎಂದಾದರೂ ಹೊಳೆಯುತ್ತಿತ್ತಾ?

ತವರುಮನೆಯ ವಿಷಯವೂ ಹೀಗೇ ಗೊತ್ತಾಯಿತು. ಕುಬಸ, ಅಂದರೆ ಸೀಮಂತ, ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಹೋದವರನ್ನು ನಮ್ಮ ಆ್ಯಪ್ ‘ಸಂಪರ್ಕ ತಪ್ಪಿದವರು’ ಅನ್ನುತ್ತಿತ್ತು. ಆಕೆ ಅಮ್ಮನ ಮನೆಯಲ್ಲಿ ಇರುತ್ತಿದ್ದಳು, ಅಷ್ಟೇ. ಈಗ ಮೊದಲ ಭೇಟಿಯಲ್ಲೇ ತವರೂರು ಕೇಳುತ್ತೇವೆ. ಆಕೆ ಒಪ್ಪಿದರೆ ಆ ಊರಿನ ಆಶಾ ಕಾರ್ಯಕರ್ತೆಗೆ ದಾಖಲೆ ಹೋಗುತ್ತದೆ.

ಇದಕ್ಕೆಲ್ಲ ಸಮಯ ಹಿಡಿಯಿತು. ಮೆಣಸಿನಕಾಯಿ ಕೆಲಸದ ದಿನಗಳಲ್ಲಿ ಕೂತು ಮಾತಾಡಿದವರಿಗೆ ಅರ್ಧ ದಿನದ ಕೂಲಿ ಕೊಡಬೇಕು ಅಂತ ನಾನು ಹಟ ಹಿಡಿದೆ, ಕಚೇರಿ ಒಪ್ಪಿತು. ಅವರ ತಿಳಿವಳಿಕೆ ಇಲ್ಲದೆ ಈ ಆ್ಯಪ್ ಇಲ್ಲ. ಅದನ್ನು ಸುಮ್ನೆ ತೆಗೆದುಕೊಂಡು ಬರುವುದು ನನಗೆ ಸರಿ ಕಾಣಲಿಲ್ಲ.

ಮೊನ್ನೆ ಶಿರಹಟ್ಟಿ ಕಡೆಯ ಒಬ್ಬ ಆಶಾ ಅಕ್ಕ ಫೋನ್ ಮಾಡಿದ್ದರು. ನಮ್ಮ ಕಡೆ ಫಕೀರೇಶ್ವರನ ತೇರು ಹಿಡಿದು ದಿನ ಹೇಳುವವರು ಬಹಳ, ಅದನ್ನೂ ಹಾಕಿ ಅಂದರು. ಊರೂರಿಗೂ ಒಂದು ಜಾತ್ರೆ. ಅದನ್ನು ಆಯಾ ಊರಿನ ಆಶಾ ಅಕ್ಕನೇ ತುಂಬಿಕೊಳ್ಳುವ ಹಾಗೆ ಒಂದು ಸ್ಕ್ರೀನ್ ಬರೆಯುತ್ತಾ ಇದ್ದೇನೆ. ಬರುವ ವಾರ ಶಿರಹಟ್ಟಿಗೆ ಹೋಗಿ ತೋರಿಸಬೇಕು.